ಮನೆಗೂ ತೋಟಕ್ಕೂ ಮಾತಿನ ಸಂಪರ್ಕ: ಟವರಿನ ಹಂಗಿಲ್ಲದ ದೂರವಾಣಿಯ ವಿಚಾರ

ಕುಂದಾಪುರದ ಒಳನಾಡಾದ ಶಂಕರನಾರಾಯಣ ಸೀಮೆಯಲ್ಲಿ ಊರೆಂದರೆ ಬಯಲುಸೀಮೆಯಲ್ಲಿರುವಂತೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಗುಂಪಲ್ಲ. ಒಂದೊಂದು ಮನೆಯೂ ತನ್ನ ಗದ್ದೆ, ತೋಟ, ಹಾಡಿಗಳ ನಡುವೆ ಒಂಟಿಯಾಗಿ ನಿಂತಿರುತ್ತದೆ. ತಗ್ಗಿನ ಬೈಲುಗದ್ದೆ, ಅದರ ಮೇಲಿನ ಮಜಲು, ಇನ್ನೂ ಮೇಲಿನ ಬೆಟ್ಟು, ಗುಡ್ಡದ ಬುಡದಲ್ಲಿ ಅಡಿಕೆ ತೋಟ, ಆಚೆಗೆ ಹಾಡಿ. ಹೀಗೆ ಒಂದೇ ಹಿಡುವಳಿಯು ಏರುತಗ್ಗುಗಳಲ್ಲಿ ಹರಡಿಕೊಂಡಿರುವುದು ಇಲ್ಲಿಯ ನೆಲದ ಸ್ವಭಾವ. ಜಗಲಿಯಲ್ಲಿ ನಿಂತು ಕೂ ಹಾಕಿ ಕರೆಯುವ ಹಳೆಯ ಪದ್ಧತಿಯು ಬೇಸಗೆಯ ಮುಂಜಾನೆಗೆ ಸಾಕಾಗುತ್ತದೆ. ಆಷಾಢದ ಮಳೆಯ ಸದ್ದಿನಲ್ಲಾಗಲಿ, ಪಂಪಿನ ಗದ್ದಲದಲ್ಲಾಗಲಿ ಆ ಕೂಗು ಗುಡ್ಡದ ಒಂದು ಮಗ್ಗುಲನ್ನೂ ದಾಟಲಾರದು.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಫೋನು ಬಂದಿದೆ. ಆದರೆ ಘಟ್ಟದ ಅಡಿಯ ತಗ್ಗುಗಳಲ್ಲಿ ಟವರಿನ ಸಿಗ್ನಲು ಗುಡ್ಡದ ಮರೆಯಾಗಿ ತಲುಪದಿರುವುದೂ, ಗಾಳಿಮಳೆಗೆ ತಂತಿ ಕಡಿದು ಟವರೇ ಸ್ತಬ್ಧವಾಗುವುದೂ ವಾಚಕರ ನಿತ್ಯಾನುಭವ. ಅಂಥ ಹೊತ್ತಿನಲ್ಲಿ ಮನೆಯಲ್ಲಿರುವ ಫೋನೂ ತೋಟದಲ್ಲಿರುವ ಫೋನೂ ನಾಲ್ಕುನೂರು ಮಾರು ಅಂತರದಲ್ಲಿದ್ದರೂ ಒಂದಕ್ಕೊಂದು ನಿರುಪಯೋಗಿಗಳಾಗುತ್ತವೆ. ಇದು ಅನಿವಾರ್ಯವೆಂದು ಹಲವರು ಭಾವಿಸಿದ್ದಾರೆ, ವಾಸ್ತವವಾಗಿ ಅನಿವಾರ್ಯವಲ್ಲ. ಮನೆಯಲ್ಲಿಯೇ ಒಂದು ಚಿಕ್ಕ ವೈಫೈ ರೌಟರನ್ನಿಟ್ಟುಕೊಂಡು, ಇಂಟರ್ನೆಟ್ಟೂ ಟವರೂ ಇಲ್ಲದೆ, ಫೋನಿನಿಂದ ಫೋನಿಗೆ ನೇರವಾಗಿ ಮಾತಾಡುವ ಏರ್ಪಾಟನ್ನು ಮಾಡಿಕೊಳ್ಳಬಹುದು. ಅದರ ತತ್ತ್ವ, ಕ್ರಮ, ವೆಚ್ಚ ಮತ್ತು ಮಿತಿಗಳನ್ನು ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಅವಶ್ಯಕತೆ

ಅಡಿಕೆಯ ಕೊಳೆರೋಗಕ್ಕೆ ಮಳೆಗಾಲ ಹಿಡಿಯುವ ಮುನ್ನ ಒಮ್ಮೆ, ಅನಂತರ ೪೦ ರಿಂದ ೪೫ ದಿನಗಳಲ್ಲಿ ಇನ್ನೊಮ್ಮೆ, ಶೇಕಡಾ ೧ರ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕೆಂಬುದು ಎಲ್ಲರಿಗೂ ತಿಳಿದ ವಿಷಯ. ಎರಡನೆಯ ಸಿಂಪರಣೆಯು ಮಳೆಯ ನಡುವಣ ತೆರಪಿನಲ್ಲಿಯೇ ನಡೆಯತಕ್ಕದ್ದು. ಒಬ್ಬನು ಮರದ ಮೇಲೆ ಅಥವಾ ಉದ್ದನೆಯ ದೋಟಿಯನ್ನು ಹಿಡಿದು ಮರದ ಬುಡದಲ್ಲಿ, ಒಬ್ಬನು ಪೈಪಿನ ಬಳಿ, ಮತ್ತೊಬ್ಬನು ದ್ರಾವಣದ ತೊಟ್ಟಿಯ ಹತ್ತಿರ ಪಂಪಿನ ಮುಂದೆ ಇರುತ್ತಾರೆ. ಪೈಪು ಕಳಚಿದರೆ ಪಂಪನ್ನು ಆ ಕ್ಷಣವೇ ನಿಲ್ಲಿಸಬೇಕು. ಕೂಗು ಕೇಳದೆ ಕಳೆದ ಐದು ನಿಮಿಷದಲ್ಲಿ ದ್ರಾವಣವೂ ಹಾಳು, ಬಿಸಿಲ ತೆರಪೂ ಹಾಳು.

ಇದಕ್ಕಿಂತ ಗುರುತರವಾದ ಸಂಗತಿ ಇನ್ನೊಂದುಂಟು. ಒದ್ದೆ ಮರದಿಂದ ಜಾರಿ ಬಿದ್ದವನು, ಹಾವು ಕಚ್ಚಿಸಿಕೊಂಡವನು, ಕೆಳಗೆ ಬಿದ್ದ ವಿದ್ಯುತ್ ತಂತಿಯನ್ನು ಕಂಡವನು ಮೊದಲು ಮಾಡಬೇಕಾದ ಕೆಲಸವೇನೆಂದರೆ ಮನೆಯವರಿಗೆ ಸುದ್ದಿ ಮುಟ್ಟಿಸುವುದು. ಆಸ್ಪತ್ರೆಗೆ ಹೋಗುವ ದಾರಿ ಉದ್ದವಾಗಿರುವ ಸೀಮೆಯಲ್ಲಿ ಮೊದಲಿನ ಅರ್ಧ ಗಂಟೆಯು ಪ್ರಾಣದ ಬೆಲೆಯುಳ್ಳದ್ದು. ಆ ಅರ್ಧ ಗಂಟೆಯನ್ನು ಯಾರೋ ಒಬ್ಬರು ಮನೆಯವರೆಗೆ ಓಡುವುದರಲ್ಲಿಯೇ ಕಳೆಯಬಾರದು; ಒಂಟಿಯಾಗಿ ಕೆಲಸ ಮಾಡುತ್ತಿದ್ದವನಿಗಂತೂ ಓಡುವವರೂ ಇರುವುದಿಲ್ಲ.

ತತ್ತ್ವ

ಫೋನಿನ ಮುಂದೆ ಮಾತಾಡಿದ ಧ್ವನಿಯನ್ನು ಅದು ಅಂಕಿಗಳಾಗಿ ಪರಿವರ್ತಿಸುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮದಲ್ಲಿ ಧ್ವನಿಯನ್ನು ಸೆಕೆಂಡಿಗೆ ೮,೦೦೦ ಬಾರಿ ಅಳೆದು, ಒಂದೊಂದು ಅಳತೆಯನ್ನು ೮ ಬಿಟ್ಟುಗಳಲ್ಲಿ ಬರೆಯುತ್ತಾರೆ. ಎಂದರೆ ಸೆಕೆಂಡಿಗೆ ೬೪,೦೦೦ ಬಿಟ್ಟುಗಳು. ೨೦೧೨ರಲ್ಲಿ ಪ್ರಮಾಣೀಕೃತವಾದ ಓಪಸ್ ಎಂಬ ಕ್ರಮವು ಇದಕ್ಕಿಂತ ಕಡಿಮೆ ಬಿಟ್ಟುಗಳಲ್ಲಿಯೇ ಇನ್ನೂ ಸ್ಪಷ್ಟವಾದ ಧ್ವನಿಯನ್ನು ಒಯ್ಯುತ್ತದೆ. ಈ ಅಂಕಿಗಳನ್ನು ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಧ್ವನಿ ಹಿಡಿಯುವ ಚಿಕ್ಕ ಕಟ್ಟುಗಳಾಗಿ ಮಾಡಿ, ಪ್ರತಿಯೊಂದರ ಮೇಲೆ ಸೇರಬೇಕಾದ ಫೋನಿನ ವಿಳಾಸವನ್ನು ಬರೆದು ಕಳುಹಿಸಲಾಗುವುದು. ಸಾಧಾರಣ ರೌಟರು ಸೆಕೆಂಡಿಗೆ ಕೋಟಿಗಟ್ಟಲೆ ಬಿಟ್ಟುಗಳನ್ನು ಸಾಗಿಸಬಲ್ಲದಾದುದರಿಂದ ಒಂದು ಹಿಡುವಳಿಯ ಮಾತುಕತೆಯು ಅದಕ್ಕೆ ಭಾರವೇ ಅಲ್ಲ.

ಇಲ್ಲಿ ಗಮನಿಸತಕ್ಕ ಮುಖ್ಯಾಂಶವೊಂದಿದೆ. ಒಂದೇ ರೌಟರಿಗೆ ಸೇರಿದ ಎರಡು ಫೋನುಗಳ ನಡುವೆ ಈ ಕಟ್ಟುಗಳು ಊರ ಹೊರಗೆ ಹೋಗಬೇಕಾದ ಕಾರಣವಿಲ್ಲ. ನೆರೆಮನೆಗೆ ಕೊಡುವ ಪತ್ರವನ್ನು ಕುಂದಾಪುರದ ಅಂಚೆಗೆ ಹಾಕದೆ ಕೈಯಲ್ಲಿಯೇ ಕೊಟ್ಟುಬಂದ ಹಾಗೆ, ರೌಟರು ಅವನ್ನು ಒಂದು ಫೋನಿನಿಂದ ಪಡೆದು ಮತ್ತೊಂದಕ್ಕೆ ಮುಟ್ಟಿಸುತ್ತದೆ. ಹಾಗಾದರೆ ವಾಟ್ಸಾಪ್ ಕರೆಯು ಮನೆಯ ವೈಫೈಯಲ್ಲಿ ಇಂಟರ್ನೆಟ್ ಕಡಿದಾಗ ಏಕೆ ನಡೆಯುವುದಿಲ್ಲವೆಂದು ಕೇಳಬಹುದು. ಆ ಆ್ಯಪ್ ಕರೆಯನ್ನು ಆರಂಭಿಸುವುದಕ್ಕೆ ಮೊದಲು ದೂರದಲ್ಲಿರುವ ತನ್ನ ಕಂಪೆನಿಯ ಕಂಪ್ಯೂಟರನ್ನು ವಿಚಾರಿಸಲೇಬೇಕು. ಅದು ಸಿಕ್ಕದಿದ್ದರೆ ಪಕ್ಕದ ಕೋಣೆಯ ಫೋನೂ ಅದಕ್ಕೆ ಸಿಕ್ಕದು. ನಮಗೆ ಬೇಕಾದುದು ಯಾರನ್ನೂ ವಿಚಾರಿಸದೆ ನೇರವಾಗಿ ವಿಳಾಸಕ್ಕೆ ಕರೆಯುವ ಆ್ಯಪ್.

ಪೂರ್ವ ದೃಷ್ಟಾಂತಗಳು

ಕೃಷಿಕರು ತಮ್ಮ ದೂರವಾಣಿಯನ್ನು ತಾವೇ ಕಟ್ಟಿಕೊಂಡದ್ದು ಹೊಸ ಸಂಗತಿಯಲ್ಲ. ಬೆಲ್ ಎಂಬವರು ೧೮೭೬ರಲ್ಲಿ ದೂರವಾಣಿಯ ಹಕ್ಕುಪತ್ರವನ್ನು ಪಡೆದರು. ಆ ಹಕ್ಕಿನ ಅವಧಿಯು ೧೮೯೦ರ ದಶಕದಲ್ಲಿ ತೀರಿದ ಮೇಲೆ, ಕಂಪೆನಿಗಳು ತಂತಿ ಎಳೆಯದ ಅಮೆರಿಕದ ಬಯಲುಗಳಲ್ಲಿ ಹೊಲಗಾರರು ಮುಳ್ಳುತಂತಿಯ ಬೇಲಿಗಳನ್ನೇ ದೂರವಾಣಿಯ ತಂತಿಯನ್ನಾಗಿ ಮಾಡಿಕೊಂಡು ಮನೆಯಿಂದ ಮನೆಗೆ ಮಾತಾಡಿದರು. ಮಳೆ ಬಂದಾಗ ಒದ್ದೆಯಾದ ಗೂಟಗಳ ಮೂಲಕ ವಿದ್ಯುತ್ತು ನೆಲಕ್ಕಿಳಿದು ಧ್ವನಿ ಕ್ಷೀಣಿಸುತ್ತಿತ್ತು; ಅದನ್ನು ತಡೆಯಲು ಅವರು ಒಡೆದ ಬಾಟಲಿಗಳ ಕುತ್ತಿಗೆಗಳನ್ನು ಗೂಟಕ್ಕೆ ಕೂರಿಸಿ ತಂತಿಯನ್ನು ಅದರ ಮೇಲೆ ಹಾಯಿಸಿದರು.

ನಮ್ಮ ರಾಜ್ಯಕ್ಕೂ ಈ ಚರಿತ್ರೆಯಲ್ಲಿ ಪಾಲುಂಟು. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಹಳ್ಳಿಯ ಬಿಸಿಲು ಧೂಳುಗಳಲ್ಲಿ ನಡೆಯಬಲ್ಲ ಗ್ರಾಮೀಣ ಎಕ್ಸ್‌ಚೇಂಜನ್ನು ನಿರ್ಮಿಸಿ, ಮೊದಲನೆಯದನ್ನು ೧೯೮೬ರಲ್ಲಿ ಕಿತ್ತೂರಿನಲ್ಲಿ ಆರಂಭಿಸಿತು. ಈಚಿನ ವರ್ಷಗಳಲ್ಲಿ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಜನಸ್ತು ಎಂಬ ಸಂಸ್ಥೆಯವರು, ಸಮುದಾಯವೇ ಒಡೆತನ ವಹಿಸಬಹುದಾದ ವೈಫೈ ಜಾಲವನ್ನು ಊರವರೊಡನೆ ಕಟ್ಟುವ ಕೆಲಸ ನಡೆಸಿದ್ದಾರೆ. ಹೊರಗಿನ ಇಂಟರ್ನೆಟ್ಟಿನ ಹಂಗಿಲ್ಲದೆ ಊರೊಳಗಿನ ಧ್ವನಿಯನ್ನು ಊರೊಳಗೇ ಹಂಚಿಕೊಳ್ಳಬಹುದೆಂಬುದು ಅಂಥ ಜಾಲಗಳ ಆಧಾರಸೂತ್ರ. ಹೇಟಿಯಲ್ಲಿ ೨೦೧೦ರಲ್ಲಿ ಭೂಕಂಪವಾಗಿ ದೂರವಾಣಿ ವ್ಯವಸ್ಥೆ ಕುಸಿದಾಗ, ಆಸ್ಟ್ರೇಲಿಯದ ಫ್ಲಿಂಡರ್ಸ್ ವಿಶ್ವವಿದ್ಯಾನಿಲಯದವರು ಟವರಿಲ್ಲದೆ ಫೋನಿನಿಂದ ಫೋನಿಗೆ ಕರೆ ಸಾಗಿಸುವ ಸರ್ವಲ್ ಎಂಬ ಯೋಜನೆಯನ್ನು ಕೈಗೊಂಡರು. ನಮ್ಮ ಉದ್ದೇಶವು ಇವೆಲ್ಲಕ್ಕಿಂತ ಕಿರಿದು: ಒಂದು ಮನೆ, ಒಂದು ತೋಟ.

ಬೇಕಾಗುವ ಸಾಮಗ್ರಿಗಳು

೧. ವೈಫೈ ರೌಟರು ಒಂದು. ಎರಡು ಸಾವಿರ ರೂಪಾಯಿಯೊಳಗಿನ ಸಾಧಾರಣವಾದುದೇ ಆರಂಭಕ್ಕೆ ಸಾಕು. ಇಂಟರ್ನೆಟ್ ಸಂಪರ್ಕಕ್ಕಾಗಿ ಮನೆಗೆ ಈಗಾಗಲೇ ಬಂದಿರುವ ರೌಟರನ್ನೂ ಉಪಯೋಗಿಸಬಹುದು. ಹೊರಗಿನ ಸಂಪರ್ಕ ಕಡಿದಾಗಲೂ ಅದು ಒಳಗಿನ ಮಾತನ್ನು ಸಾಗಿಸುತ್ತದೆ.

೨. ತೋಟವು ದೂರವಿದ್ದರೆ ಹೊರಾಂಗಣದಲ್ಲಿಡತಕ್ಕ, ಮಳೆ ತಾಳುವ ಎರಡನೆಯ ವೈಫೈ ಪೆಟ್ಟಿಗೆ ಒಂದು. ಇದಕ್ಕೆ ಹಲವು ಸಾವಿರ ರೂಪಾಯಿ ತಗಲುವುದು.

೩. ವಿದ್ಯುತ್ತು ಹೋದಾಗ ನಡೆಸಲು ೧೨ ವೋಲ್ಟಿನ ಬ್ಯಾಟರಿ, ಅಥವಾ ಮನೆಯ ಇನ್ವರ್ಟರಿನ ಸಂಪರ್ಕ.

೪. ಆಂಡ್ರಾಯ್ಡ್ ಫೋನುಗಳು. ಇವಕ್ಕೆ ಸಿಮ್ ಇರಬೇಕೆಂಬ ನಿಯಮವಿಲ್ಲ. ಗಾಜು ಬಿರುಕಾಗಿ ಮೂಲೆಗೆ ಬಿದ್ದಿರುವ ಹಳೆಯ ಫೋನು ಕೂಡ, ವೈಫೈಯೂ ಬ್ಯಾಟರಿಯೂ ಸರಿಯಾಗಿದ್ದರೆ, ತೋಟದ ದೂರವಾಣಿಯಾಗಬಲ್ಲದು.

೫. ನೇರ ಕರೆಯ ಆ್ಯಪ್. ಮೆಶೆಂಜರ್ ಎಂಬುದು ಈ ಕೆಲಸಕ್ಕಾಗಿಯೇ ರಚಿತವಾದ ಉಚಿತ ಆ್ಯಪ್. ಒಂದು ಫೋನಿನ ಪರದೆಯ ಮೇಲೆ ತೋರುವ ಕ್ಯೂಆರ್ ಚಿತ್ರವನ್ನು ಇನ್ನೊಂದು ಫೋನಿನ ಕ್ಯಾಮೆರಾಕ್ಕೆ ಹಿಡಿದರೆ ಪರಿಚಯವಾಗುತ್ತದೆ. ಜಾಮಿ ಎಂಬ ಮತ್ತೊಂದು ಉಚಿತ ಆ್ಯಪ್ ಕೂಡ ನಡುವೆ ಕಂಪೆನಿಯ ಕಂಪ್ಯೂಟರಿಲ್ಲದೆ ಕರೆ ಮಾಡಬಲ್ಲದು. ಫೋನುಗಳು ಬಹಳವಾಗಿದ್ದು, ೨೦೧ ಒತ್ತಿದರೆ ಪಂಪಿನ ಮನೆ, ೨೦೨ ಒತ್ತಿದರೆ ಕೊಟ್ಟಿಗೆ ಎಂಬಂತೆ ಸಂಖ್ಯೆಗಳು ಬೇಕಾದಲ್ಲಿ, ಆಸ್ಟರಿಸ್ಕ್ ಎಂಬ ಉಚಿತ ತಂತ್ರಾಂಶವನ್ನು ಚಿಕ್ಕ ಕಂಪ್ಯೂಟರಿನಲ್ಲಿ ಹಾಕಿ ಮನೆಯೊಳಗೇ ಎಕ್ಸ್‌ಚೇಂಜು ಮಾಡಿಕೊಳ್ಳಬಹುದು. ಅದಕ್ಕೆ ಬಲ್ಲವರ ನೆರವು ಬೇಕು. ಮೂರು ನಾಲ್ಕು ಫೋನುಗಳಿಗೆ ಅದರ ಅಗತ್ಯವಿಲ್ಲ.

ಅಳವಡಿಸುವ ಕ್ರಮ

ಮೊದಲು ಆ್ಯಪ್ ಅನ್ನು ಇಂಟರ್ನೆಟ್ ಇರುವಲ್ಲಿ ಎಲ್ಲ ಫೋನುಗಳಿಗೂ ಇಳಿಸಿಕೊಳ್ಳತಕ್ಕದ್ದು. ಅನಂತರ ಎಲ್ಲ ಫೋನುಗಳನ್ನೂ ಮನೆಯ ವೈಫೈಗೆ ಸೇರಿಸಿ ಒಂದಕ್ಕೊಂದು ಪರಿಚಯ ಮಾಡಿಸತಕ್ಕದ್ದು. ಒಂದು ಫೋನು ಜಗಲಿಯಲ್ಲಿ, ಒಂದು ಅಂಗಳದಲ್ಲಿ ಇರುವಾಗ ಕರೆ ನಡೆದರೆ ಮುಂದಿನ ಹಂತಕ್ಕೆ ಹೋಗಬಹುದು. ನಡೆಯದಿದ್ದರೆ ಪ್ರಾಯಶಃ ಕೆಳಗಿನ ಕಾರಣಗಳಲ್ಲಿ ಒಂದಿರುವುದು.

ವಿಳಾಸದ ಬದಲಾವಣೆ: ರೌಟರು ಪ್ರತಿಯೊಂದು ಫೋನಿಗೂ ೧೯೨.೧೬೮.೧.೨೦ ಎಂಬಂಥ ಒಂದು ವಿಳಾಸವನ್ನು ಕೊಡುತ್ತದೆ. ಇದು ಕೆಲವು ದಿನಗಳಲ್ಲಿ ಬದಲಾಗಬಹುದು. ರೌಟರಿನ ವ್ಯವಸ್ಥೆಯಲ್ಲಿ ಆಯಾ ಫೋನಿಗೆ ಆಯಾ ವಿಳಾಸವನ್ನು ಸ್ಥಿರಪಡಿಸಬೇಕು. ಹೊಸ ಆಂಡ್ರಾಯ್ಡ್ ಫೋನುಗಳು ತಮ್ಮ ಯಂತ್ರದ ಗುರುತನ್ನು ಮರೆಮಾಡುವ ಅಭ್ಯಾಸವುಳ್ಳವುಗಳಾದುದರಿಂದ, ಮನೆಯ ವೈಫೈಗೆ ಮಾತ್ರ ನಿಜವಾದ ಗುರುತನ್ನೇ ತೋರಿಸುವಂತೆ ಆರಿಸತಕ್ಕದ್ದು.

ಅತಿಥಿ ಜಾಲ: ರೌಟರಿನ ಅತಿಥಿ ವೈಫೈಯಲ್ಲಿ ಫೋನುಗಳು ಒಂದನ್ನೊಂದು ಕಾಣದಂತೆ ತಡೆಯಿರುತ್ತದೆ. ಎಲ್ಲವನ್ನೂ ಮುಖ್ಯ ವೈಫೈಗೆ ಸೇರಿಸಿ, ಅಲ್ಲಿಯೂ ಅಂಥ ತಡೆಯಿದ್ದರೆ ತೆಗೆಯಬೇಕು.

ಫೋನಿನ ಉಳಿತಾಯ ಬುದ್ಧಿ: ಪರದೆ ಆರಿದ ಮೇಲೆ ಫೋನು ಬ್ಯಾಟರಿಯನ್ನುಳಿಸಲು ಆ್ಯಪ್ ಅನ್ನು ಮಲಗಿಸುತ್ತದೆ, ಆಗ ಕರೆ ಬಂದರೂ ಗಂಟೆ ಬಾರಿಸದು. ಈ ಒಂದು ಆ್ಯಪ್‌ಗೆ ಬ್ಯಾಟರಿಯ ನಿರ್ಬಂಧವನ್ನು ಸಡಿಲಿಸತಕ್ಕದ್ದು. ಇಂಟರ್ನೆಟ್ ಇಲ್ಲವೆಂದು ಫೋನು ಎಚ್ಚರಿಸಿ ವೈಫೈಯನ್ನು ಬಿಡಲೇ ಎಂದು ಕೇಳಿದರೆ, ಬಿಡಬಾರದೆಂದೇ ಉತ್ತರಿಸಬೇಕು. ಐಫೋನುಗಳಲ್ಲಿ ಹಿನ್ನೆಲೆಯ ಆ್ಯಪ್‌ಗಳಿಗೆ ನಿರ್ಬಂಧ ಹೆಚ್ಚಾದುದರಿಂದ ಇಂಥ ಕರೆಗೆ ಅವನ್ನು ನೆಚ್ಚದಿರುವುದು ಲೇಸು.

ತೋಟದಲ್ಲಿ ಅಲೆಗಳ ನಡೆ

ಮನೆಯ ರೌಟರಿನ ಅಲೆಗಳು ತೆರೆದ ಅಂಗಳದಲ್ಲಿ ಸುಮಾರು ೧೦೦ ಮೀಟರಿನವರೆಗೆ ಹೋಗಬಹುದು. ಮುರಕಲ್ಲಿನ ಗೋಡೆಯನ್ನು ದಾಟುವಾಗಲೂ ಮರಗಳ ನಡುವೆಯೂ ಬೇಗನೆ ಕುಗ್ಗುತ್ತವೆ. ವೈಫೈಯಲ್ಲಿ ೨.೪ ಮತ್ತು ೫ ಗಿಗಾಹರ್ಟ್ಸ್ ಎಂಬ ಎರಡು ಬಗೆಗಳುಂಟು. ತೋಟಕ್ಕೆ ೨.೪ ಉತ್ತಮ, ಅದು ದೂರವೂ ಹೋಗುತ್ತದೆ, ಅಡೆತಡೆಗಳನ್ನೂ ಹೆಚ್ಚು ತಾಳುತ್ತದೆ. ಮಳೆಹನಿಗಳಿಂದ ಈ ಅಲೆಗಳಿಗೆ ಹೇಳಿಕೊಳ್ಳುವಷ್ಟು ಬಾಧೆಯಿಲ್ಲ; ಆದರೆ ನೀರು ಕುಡಿದ ಸೋಗೆ, ಎಲೆ, ಬಳ್ಳಿಗಳು ಅವನ್ನು ಹೀರುತ್ತವೆ. ಆದುದರಿಂದ ಮೇ ತಿಂಗಳಲ್ಲಿ ಚೆನ್ನಾಗಿ ಕೇಳಿಸಿದ ಮೂಲೆಯು ಜುಲೈಯಲ್ಲಿಯೂ ಕೇಳಿಸುವುದೆಂದು ನಂಬಬಾರದು. ಒಂದೆರಡು ಮಳೆ ಬಿದ್ದ ಮೇಲೆ ಮತ್ತೆ ಪರೀಕ್ಷಿಸತಕ್ಕದ್ದು.

ಪರೀಕ್ಷಿಸುವ ಕ್ರಮ ಸುಲಭವಾಗಿದೆ. ಮನೆಯಲ್ಲಿ ಒಬ್ಬರು ಕರೆಯನ್ನು ಹಿಡಿದುಕೊಂಡು ಅಂಕಿಗಳನ್ನು ಎಣಿಸುತ್ತಿರಲಿ. ಇನ್ನೊಬ್ಬರು ಫೋನು ಹಿಡಿದು ತೋಟದ ಎಲ್ಲೆಯುದ್ದಕ್ಕೂ ನಡೆಯಲಿ. ಎಣಿಕೆ ತುಂಡಾದಲ್ಲೆಲ್ಲಾ ಒಂದು ಗೂಟ ನೆಡಲಿ. ಗೂಟಗಳನ್ನು ನೋಡಿದರೆ ಎರಡನೆಯ ಪೆಟ್ಟಿಗೆಯನ್ನು ಎಲ್ಲಿಡಬೇಕೆಂಬುದು ತಾನೇ ತೋರುವುದು. ಸಾಮಾನ್ಯವಾಗಿ ಅದು ಮನೆಯೂ ತೋಟವೂ ಎರಡೂ ಕಾಣುವ ಏರಿನ ಮೇಲೆ, ಪಂಪಿನ ಮನೆಯ ಮಾಡಿನಲ್ಲಿ ಅಥವಾ ಗಟ್ಟಿಯಾದ ಕಂಬದ ಮೇಲೆ ಇರತಕ್ಕದ್ದು. ೨.೭ ಮೀಟರು ಅಂತರದಲ್ಲಿ ನೆಟ್ಟ ಅಡಿಕೆ ತೋಟದಲ್ಲಿ ಕಾಂಡಗಳ ಮಟ್ಟದಲ್ಲಿ ಸಾಲುಗಳ ನಡುವೆ ತೆರಪಿರುತ್ತದೆ. ಸೋಗೆಗಳ ಮಟ್ಟದಲ್ಲಿ ಅದು ಮುಚ್ಚಿಹೋಗಿರುತ್ತದೆ. ಆದಕಾರಣ ಪೆಟ್ಟಿಗೆಯನ್ನು ಬಹಳ ಎತ್ತರಕ್ಕೆ ಏರಿಸುವುದೇ ಮೇಲೆಂದು ತಿಳಿಯದೆ, ಎರಡು ಮೂರು ಎತ್ತರಗಳಲ್ಲಿ ಇಟ್ಟುನೋಡಿ ನಿಶ್ಚಯಿಸಬೇಕು. ನಡುವೆ ಗುಡ್ಡವೇ ಅಡ್ಡವಾಗಿದ್ದರೆ ಯಾವ ಪೆಟ್ಟಿಗೆಯೂ ಅದನ್ನು ತೂರಲಾರದು. ಗುಡ್ಡದ ನೆತ್ತಿಯಲ್ಲಿ ಒಂದು ನಿಲ್ದಾಣ ಬೇಕಾಗುವುದು.

ವಿದ್ಯುತ್ತು ಮತ್ತು ಸಿಡಿಲು

ರೌಟರೊಂದು ಸುಮಾರು ೬ ವ್ಯಾಟ್ ವಿದ್ಯುತ್ತನ್ನು ಬಳಸುವುದೆಂದು ಇಟ್ಟುಕೊಳ್ಳೋಣ. ೧೨ ವೋಲ್ಟಿನ ೭ ಆಂಪಿಯರ್-ಗಂಟೆಯ ಚಿಕ್ಕ ಬ್ಯಾಟರಿಯಲ್ಲಿ ೮೪ ವ್ಯಾಟ್-ಗಂಟೆಗಳ ಸಂಗ್ರಹವಿದೆ. ಬ್ಯಾಟರಿಯನ್ನು ಪೂರ್ತಿ ಬರಿದುಮಾಡಬಾರದಾದುದರಿಂದ ಅದರಿಂದ ಸುಮಾರು ೮ ಗಂಟೆಗಳ ಕೆಲಸವನ್ನು ನಿರೀಕ್ಷಿಸಬಹುದು. ಒಂದು ಹಗಲಿಗೆ ಸಾಕು. ೪೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧವನ್ನು ಮಾತ್ರ ಬಳಸಿದರೂ ಸುಮಾರು ೪೦ ಗಂಟೆಗಳ ಕಾಲ ನಡೆಯುವುದು. ಎರಡನೆಯ ಪೆಟ್ಟಿಗೆಗೂ ಇದೇ ಲೆಕ್ಕವನ್ನು ಹಾಕಿ ಪ್ರತ್ಯೇಕ ಏರ್ಪಾಟು ಮಾಡದಿದ್ದರೆ, ಕರೆಂಟು ಹೋದ ಕ್ಷಣವೇ ಮನೆಯ ರೌಟರು ಜೀವಂತವಾಗಿದ್ದೂ ತೋಟವು ಮೂಕವಾಗುವುದು. ಹೀಗಾಗುವುದು ಸಾಮಾನ್ಯ, ಮುಖ್ಯ ಸ್ವಿಚ್ಚನ್ನು ಆರಿಸಿ ಪರೀಕ್ಷಿಸಿದರೆ ಮಾತ್ರ ಬಯಲಾಗುವುದು.

ಮುಂಗಾರಿನ ಮೊದಲೂ ಹಿಂಗಾರಿನಲ್ಲೂ ನಮ್ಮಲ್ಲಿ ಸಿಡಿಲಿನ ಬಾಧೆ ಹೆಚ್ಚು. ಕಂಬದ ಮೇಲಿನ ಪೆಟ್ಟಿಗೆಗೆ ಭೂಸಂಪರ್ಕವನ್ನು ಕೊಡಿಸತಕ್ಕದ್ದು. ಗುಡುಗು ಆರಂಭವಾದೊಡನೆ ಕಂಬದಿಂದ ಮನೆಗೆ ಬರುವ ತಂತಿಯನ್ನು ಕಳಚಿಡುವುದೂ, ಆಳುಗಳನ್ನು ತೋಟದಿಂದ ಒಳಕ್ಕೆ ಕರೆಯುವುದೂ ಒಟ್ಟಿಗೆ ನಡೆಯಬೇಕು. ಕರೆಯುವುದು ಮೊದಲು, ಕಳಚುವುದು ಆಮೇಲೆ.

ಮಿತಿಗಳೂ ನಿಯಮಗಳೂ

ಈ ದೂರವಾಣಿಯು ಹಿಡುವಳಿಯ ಎಲ್ಲೆಯನ್ನು ದಾಟುವುದಿಲ್ಲ. ತೋಟದಲ್ಲಿರುವವನು ಇದರಿಂದ ೧೦೮ರ ಆಂಬುಲೆನ್ಸನ್ನಾಗಲಿ ೧೧೨ನ್ನಾಗಲಿ ಕರೆಯಲಾರನು. ಮನೆಯನ್ನು ಮಾತ್ರ ಕರೆಯಬಲ್ಲನು. ಮನೆಯಲ್ಲಿರುವವರು ಅಲ್ಲಿಂದ ಹೊರಗೆ ಸುದ್ದಿ ಮುಟ್ಟಿಸಬೇಕು. ಆದಕಾರಣ ಮನೆಯ ಯಾವ ಜಾಗದಲ್ಲಿ ಯಾವ ಕಂಪೆನಿಯ ಸಿಗ್ನಲು ನಿಲ್ಲುತ್ತದೆಂಬುದನ್ನು ಮೊದಲೇ ಗೊತ್ತುಮಾಡಿಟ್ಟಿರಬೇಕು. ಮನೆಗೆ ಫೈಬರ್ ಇಂಟರ್ನೆಟ್ ಇದ್ದರೆ, ಫೋನಿನಲ್ಲಿ ವೈಫೈ ಕಾಲಿಂಗ್ ಎಂಬ ಆಯ್ಕೆಯನ್ನು ತೆರೆದಿಡುವುದರಿಂದ ಟವರು ಸಿಕ್ಕದಿದ್ದರೂ ಮಾಮೂಲಿ ಕರೆಗಳು ಹೊರಗೆ ಹೋಗುವುವು. ಇದಕ್ಕೆ ಇಂಟರ್ನೆಟ್ ಅವಶ್ಯಕ.

ಭಾರತ ಸರ್ಕಾರವು ೨೦೦೫ರ ನಿಯಮಗಳಿಂದ ೨.೪ ಗಿಗಾಹರ್ಟ್ಸ್ ಅಲೆಗಳ ಬಳಕೆಗೆ ಲೈಸೆನ್ಸಿನ ಅಗತ್ಯವನ್ನು ತೆಗೆದುಹಾಕಿತು. ಹೊರಸೂಸುವ ಶಕ್ತಿಯು ೪ ವ್ಯಾಟನ್ನು ಮೀರಕೂಡದು. ೫ ಗಿಗಾಹರ್ಟ್ಸ್ ಅಲೆಗಳಿಗೆ ಹೊರಾಂಗಣದಲ್ಲಿಯೂ ವಿಶಾಲವಾದ ವಿನಾಯಿತಿ ದೊರೆತದ್ದು ೨೦೧೮ರಲ್ಲಿ. ಅಂಗೀಕೃತವಾದ ಸಾಧನಗಳನ್ನೇ ಕೊಳ್ಳಬೇಕು. ಅತಿ ದೂರ ಹೋಗುವುದೆಂದು ಮಾರುವ ಅನಾಮಧೇಯ ಬೂಸ್ಟರುಗಳ ಗೊಡವೆಗೆ ಹೋಗಬಾರದು. ಈ ಏರ್ಪಾಟನ್ನು ಹೊರಗಿನ ದೂರವಾಣಿ ಜಾಲಕ್ಕೆ ಜೋಡಿಸಿ ಹಣಕ್ಕಾಗಿ ಇತರರ ಕರೆಗಳನ್ನು ಸಾಗಿಸುವುದು ಅನುಮತಿಯಿಲ್ಲದೆ ಮಾಡತಕ್ಕ ಕೆಲಸವಲ್ಲ. ವೈಫೈಗೆ ಗಟ್ಟಿಯಾದ ಗುಪ್ತಪದವನ್ನು ಇಡುವುದೂ ಅಗತ್ಯ.

ಫೋನು ಯಾರ ಕೈಯಲ್ಲಿರಬೇಕು?

ಇಂಥ ಏರ್ಪಾಟು ಮಾಡಿಕೊಂಡ ಮನೆಗಳಲ್ಲಿ ಯಜಮಾನರ ಫೋನು, ಮಕ್ಕಳ ಫೋನು ಮೊದಲು ಜಾಲಕ್ಕೆ ಸೇರುವುದು ಸಹಜ. ಆದರೆ ಜಾಲದಿಂದ ಅತ್ಯಂತ ದೂರದಲ್ಲಿ, ಅತ್ಯಂತ ಅಪಾಯದ ಕೆಲಸದಲ್ಲಿರುವವನು ಆಳು. ಅವನ ಕೈಯಲ್ಲಿ ಈ ಫೋನು ಇಲ್ಲದಿದ್ದರೆ ಜಗಲಿಯಲ್ಲಿ ಎಷ್ಟು ಫೋನುಗಳಿದ್ದರೇನು? ಕೊನೆಗಾರನಿಗೂ ಪಂಪು ನೋಡುವವನಿಗೂ ಮೊದಲು ಫೋನು ಕೊಡಬೇಕು; ಅವರಿಗೆ ತಮ್ಮದೇ ಫೋನಿದ್ದರೆ ಅದನ್ನು ಜಾಲಕ್ಕೆ ಸೇರಿಸಬೇಕು. ಮರ ಹತ್ತುವವನು ಅದನ್ನು ಜೇಬಿನ ಚೀಲದಲ್ಲಿ ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಳ್ಳಲಿ. ಮರದ ಮೇಲಿರುವಾಗ ಕರೆ ತೆಗೆಯದಿರಲಿ. ಪಂಪಿನ ಬಳಿಯ ಫೋನು ನಡುಗುವಂತೆ ಇಡಲಿ, ಏಕೆಂದರೆ ಗಂಟೆಯು ಪಂಪಿನ ಸದ್ದಿನಲ್ಲಿ ಕೇಳಿಸದು. ಮನೆಯಲ್ಲಿ ಹಗಲು ಯಾರು ಕರೆ ತೆಗೆಯಬೇಕೆಂಬುದನ್ನು ಹೆಸರು ಹೇಳಿ ನಿಶ್ಚಯಿಸಬೇಕು. ಎಲ್ಲರ ಕೆಲಸವೆಂದು ಬಿಟ್ಟದ್ದು ಯಾರ ಕೆಲಸವೂ ಆಗುವುದಿಲ್ಲ. ಆಳುಗಳು ಬರೆದುದನ್ನು ಓದಲಾರದವರಾದರೆ ಹೆಸರಿನ ಬದಲು ಗುರುತಿನ ಚಿತ್ರವಿರಲಿ, ಒಮ್ಮೆ ಕೈಯಲ್ಲಿ ಹಿಡಿಸಿ ಕರೆ ಮಾಡಿಸಲಿ.

ಗ್ರಾಮದ ಮುಖಂಡರಿಗೆ ಒಂದು ಸೂಚನೆ. ಸಹಕಾರಿ ಸಂಘದ ಅಂಗಳದಲ್ಲಿ ಒಂದು ಭಾನುವಾರ ಎರಡು ಫೋನುಗಳನ್ನೂ ಒಂದು ರೌಟರನ್ನೂ ಇಟ್ಟು, ಇಂಟರ್ನೆಟ್ ತಂತಿಯನ್ನು ಎಲ್ಲರೆದುರಿಗೆ ಕಳಚಿ, ಕರೆ ಮಾಡಿ ತೋರಿಸಬಹುದು. ವಾಚನಕ್ಕಿಂತ ಕಂಡದ್ದನ್ನು ಕೃಷಿಕನು ಬೇಗ ನಂಬುತ್ತಾನೆ. ಊರಿನಲ್ಲಿ ಇದನ್ನು ಬಲ್ಲ ತರುಣನೊಬ್ಬನಿದ್ದರೆ ಹತ್ತು ಮನೆಗಳಿಗೆ ಅಳವಡಿಸಿಕೊಡುವನು.

ಬೋರ್ಡೋ ದ್ರಾವಣಕ್ಕೆ ಮೈಲುತುತ್ತನ್ನೂ ಸುಣ್ಣವನ್ನೂ ಮಳೆಗೆ ಮುನ್ನ ತಂದಿಡುವ ಹಾಗೆಯೇ ಈ ಕೆಲಸವನ್ನೂ ಮೇ ತಿಂಗಳೊಳಗೆ ಮುಗಿಸತಕ್ಕದ್ದು. ಮಳೆ ಹಿಡಿದ ಮೇಲೆ ಪ್ರತಿ ಸೋಮವಾರ ಬೆಳಗ್ಗೆ ಕೆಲಸಕ್ಕೆ ಇಳಿಯುವ ಮುನ್ನ ತೋಟದ ಕಟ್ಟಕಡೆಯ ಮೂಲೆಯಿಂದ ಮನೆಗೆ ಒಂದು ಕರೆ ಮಾಡಿ ನೋಡತಕ್ಕದ್ದು. ಆ ಮೂಲೆಯ ಕರೆ ತಲುಪಿದರೆ ಉಳಿದೆಡೆಯ ಕರೆಗಳು ತಲುಪುವುವೆಂದು ಬಹುಮಟ್ಟಿಗೆ ನೆಚ್ಚಬಹುದು.